ನೀರಿಗೆ ಹೋದ ಅವ್ವ

ಸೆಪ್ಟೆಂಬರ್ 19, 2024. ಮೊಳಕಾಲ್ಮೂರು

ಮಗುವಿಗೆ ಇಂದು ಇಪ್ಪತ್ತನಾಲ್ಕು ದಿನ. ನನಗೆ ಇಪ್ಪತ್ತೊಂಬತ್ತು ವರ್ಷ. ಇಬ್ಬರಲ್ಲಿ ಹೆಚ್ಚು ಅಳುವವರು ಯಾರೆಂಬ ಬಗ್ಗೆ ಇನ್ನೂ ಮಾಹಿತಿ ಸಂಗ್ರಹಿಸುತ್ತಿದ್ದೇನೆ.

ಈ ಪುಸ್ತಕದ ಪ್ರತಿ ಪುಟದಲ್ಲೂ ನಾಲ್ಕು ಕಾಲಂ: ಸಮಯ, ಸದ್ದು, ದೂರ, ಕಾರಣ. ಕುದಾಪುರದ ಹುಲ್ಲುಗಾವಲಿನಲ್ಲಿ ಕೂತು ಹಕ್ಕಿಗಳ ಕೂಗು ದಾಖಲಿಸಲು ನಾನೇ ಸ್ಕೇಲ್ ಹಿಡಿದು ಗೀಟು ಹಾಕಿದ್ದು. ಅರ್ಧ ಪುಸ್ತಕ ಖಾಲಿ ಉಳಿದಿತ್ತು, ನನ್ನ ಹಾಗೆ. ಇರಲಿ, ಗೀಟಿನ ಮೇಲೇ ಬರೆಯುತ್ತೇನೆ.

ಬಾಣಂತನ ಎಂಬ ಪದದೊಳಗೆ ಬಾಣ ಏಕಿದೆ ಎಂಬುದು ಹೊಲಿಗೆ ಹಾಕಿಸಿಕೊಂಡವರಿಗಷ್ಟೇ ಗೊತ್ತು. ಡಾಕ್ಟರೇಟ್ ಮಾಡಲು ಹೋದವಳಿಗೆ ಕೊನೆಗೆ ತಿಳಿದದ್ದು ಡಾಕ್ಟರ ರೇಟ್ ಮಾತ್ರ. ಅತ್ತೆ ಬೊಮ್ಮಕ್ಕನವರು ನನ್ನ ತಲೆಗೆ ಬಟ್ಟೆ ಬಿಗಿದು, ಎರಡು ಕಿವಿಗೂ ಹತ್ತಿ ತುರುಕಿದ್ದಾರೆ. ಗಾಳಿ ಹೊಕ್ಕರೆ ಮುಪ್ಪಿನಲ್ಲಿ ನೋಯುತ್ತದಂತೆ. ನಾಲ್ಕು ವರ್ಷ ಕಿವಿಯನ್ನೇ ನಂಬಿ ಅನ್ನ ತಿಂದವಳ ಕಿವಿಗೆ ಹತ್ತಿ! ಅವ್ವ ಇದ್ದಿದ್ದರೆ ಬಾಣಂತನಕ್ಕೆ ಚಳ್ಳಕೆರೆಗೆ ಹೋಗುತ್ತಿದ್ದೆ. ಅವ್ವ ತೀರಿ ಆರು ವರ್ಷ. ಅಪ್ಪ ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಕೂತು ದಿನಕ್ಕೆರಡು ಸಲ ಫೋನ್ ಮಾಡಿ, ಮಗು ಏನು ಮಾಡ್ತೈತೆ ಎಂದು ಕೇಳುತ್ತಾರೆ. ಮಲಗಿದೆ ಎಂದರೆ ಸಂತೋಷ, ಎದ್ದಿದೆ ಎಂದರೆ ಇನ್ನೂ ಸಂತೋಷ.

ಪಿಎಚ್.ಡಿ. ಮಾಡುತ್ತಿದ್ದ ಸಂಸ್ಥೆಯಿಂದ ಪತ್ರ ಬಂದಿದೆ. ಗೈಡ್ ಕೃಷ್ಣಮೂರ್ತಿ ಸರ್ ಬರೆದಿದ್ದಾರೆ. ಮಾರ್ಗದರ್ಶಕರೆಂದರೆ ನಾಲ್ಕು ವರ್ಷದಲ್ಲಿ ಮಾರ್ಗವನ್ನೇನೋ ತೋರಿಸಿದರು, ದರ್ಶನ ಮಾತ್ರ ಕಡಿಮೆ. ನವೆಂಬರ್ ಮೂವತ್ತರೊಳಗೆ ಹಿಂದಿರುಗುವೆನೋ ಇಲ್ಲವೋ ತಿಳಿಸಬೇಕು. ಇಲ್ಲವಾದರೆ ನನ್ನ ನೋಂದಣಿ ರದ್ದು. ಮನೆಯವರಿಗೆಲ್ಲ ನಾನು ಬಿಟ್ಟೇಬಿಟ್ಟೆ ಎಂದು ಹೇಳಿದ್ದೇನೆ. ಸಂಸ್ಥೆಗೆ ಮಾತ್ರ ‘ವೈಯಕ್ತಿಕ ಕಾರಣಗಳಿಂದ ರಜೆ’ ಎಂದು ಬರೆದುಕೊಟ್ಟಿದ್ದೆ.

ಪತ್ರವನ್ನು ಡೈಪರ್ ಪೊಟ್ಟಣದ ಕೆಳಗೆ ಇಟ್ಟಿದ್ದೇನೆ.

ಸೆಪ್ಟೆಂಬರ್ 27

ಇಂದು ತೊಟ್ಟಿಲ ಶಾಸ್ತ್ರ, ಹೆಸರಿಡುವುದು ಎರಡೂ. ನಾನು ‘ಧ್ವನಿ’ ಎಂದು ಇಡಬೇಕೆಂದಿದ್ದೆ. ಇಟ್ಟಿದ್ದು ‘ಚೌಡೇಶ್ವರಿ’. ನನ್ನ ಗಂಡ ರವಿತೇಜನ ಅಜ್ಜಿಯ ಹೆಸರು. ಮುದುಕಿ ಮಾರ್ಚ್‌ನಲ್ಲಿ ತೀರಿಕೊಂಡರು. ಕೊನೆಯ ವಾರದವರೆಗೂ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯ್ದವರು. ಅರ್ಧ ನೇಯ್ದ ಸೀರೆ ಮಗ್ಗದ ಮೇಲೇ ಇದೆ. ಆ ಕೋಣೆಯ ಬಾಗಿಲು ಮುಚ್ಚಿದೆ. ರವಿ ಈಗ ಪಕ್ಕದ ಬೀದಿಯ ಶೆಡ್ಡಿನಲ್ಲಿ ನೇಯುತ್ತಾನೆ.

ಈ ಮನೆಯಲ್ಲಿ ಅಜ್ಜಿಯನ್ನು ‘ಅವ್ವ’ ಎನ್ನುತ್ತಾರೆ, ತೆಲುಗಿನಲ್ಲಿ. ನಮ್ಮ ಮನೆಯಲ್ಲಿ ಅವ್ವ ಎಂದರೆ ಅಮ್ಮ. ನಾವೂ ನೇಕಾರರೇ, ಆದರೆ ತಾತನ ಕಾಲಕ್ಕೇ ಮಗ್ಗ ಬಿಟ್ಟೆವು, ಅದರ ಜೊತೆಗೆ ತೆಲುಗನ್ನೂ. ಹಾಗಾಗಿ ಇಲ್ಲಿ ಯಾರಾದರೂ ‘ಅವ್ವ ಇದ್ದಿದ್ದರೆ’ ಎಂದಾಗ ನನಗೆ ಒಂದು ಕ್ಷಣ ಬೇರೆಯವಳು ಕಾಣುತ್ತಾಳೆ.

ಮನೆಯ ಮೊದಲ ಮಗುವಿನ ತೊಟ್ಟಿಲು ಮಗ್ಗದ ತೊಲೆಗೇ ತೂಗಬೇಕಂತೆ. ಒಂದೇ ತೊಲೆ ಗೋಡೆ ದಾಟಿ ಆ ಕೋಣೆಯನ್ನೂ ಈ ಕೋಣೆಯನ್ನೂ ಹೊತ್ತು ನಿಂತಿದೆ. ರವಿ ಏಣಿ ಹತ್ತಿ ಏನೇನೋ ಹಗ್ಗ, ಹುರಿ ಕಟ್ಟಿದ. ಕೆಳಗೆ ಸಾಂಬ್ರಾಣಿ ಹೊಗೆ. ನನಗೆ ಕಂಡದ್ದು ಅವನ ಹಿಮ್ಮಡಿ ಮಾತ್ರ.

ಮಧ್ಯಾಹ್ನ ನೆಂಟರು ಹೋದ ಮೇಲೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಪಕ್ಕದಲ್ಲಿ ಸುಮ್ಮನೆ ಕೂತಿದ್ದೆ. ಮೂರು ಗಂಟೆ. ಊಟವಾಗಿ ಬೀದಿಯ ಮಗ್ಗಗಳೆಲ್ಲ ಸುಮ್ಮನಾಗುವ ಹೊತ್ತು. ಆಗ ಕೇಳಿಸಿತು, ಕಿವಿಯ ಹತ್ತಿ ದಾಟಿಕೊಂಡು.

ಸಮಯ: 3.10. ಸದ್ದು: ಟಕ್. ಸ್ವಲ್ಪ ತಡೆದು ಮತ್ತೆ ಟಕ್. ದೂರ: ಗೋಡೆಯ ಆಚೆ. ಕಾರಣ: ಬಾಣಂತಿ ಸನ್ನಿ.

ಅಕ್ಟೋಬರ್ 3

ಏಳು ದಿನದಲ್ಲಿ ಆರು ದಿನ ಬಂದಿದೆ. ಮೂರರ ಆಸುಪಾಸು. ಮಗುವನ್ನು ಮಲಗಿಸಿದ ಮೇಲೆ ಶುರು. ಅತ್ತಾಗ ಎತ್ತಿಕೊಂಡರೆ ನಿಲ್ಲುತ್ತದೆ. ದೆವ್ವಕ್ಕೂ ಮಗುವಿನ ಅಳುವೆಂದರೆ ಭಯವಿರಬೇಕು. ನಾವಿಬ್ಬರೂ ಒಂದೇ ಜಾತಿ.

ಅತ್ತೆಯನ್ನು ಕೇಳಿದೆ. ನನಗೇನೂ ಕೇಳಿಸುವುದಿಲ್ಲ ಎಂದರು. ನಲವತ್ತು ವರ್ಷ ಮಗ್ಗದ ಪಕ್ಕ ಬದುಕಿದವರು. ಅವರಿಗೆ ಮಗ್ಗದ ಸದ್ದೆಂದರೆ ನಮಗೆ ಫ್ಯಾನಿನ ಸದ್ದಿದ್ದಂತೆ, ನಿಂತರೆ ಮಾತ್ರ ಗೊತ್ತಾಗುವುದು. ನಾನು ಬಿಡದೆ, ಆ ಕೋಣೆಯಲ್ಲಿ ಯಾರೋ ನೇಯುತ್ತಿದ್ದಾರೆ ಎಂದೆ. ಅಕ್ಕಿ ಆರಿಸುತ್ತಿದ್ದವರು ತಲೆ ಎತ್ತಲೇ ಇಲ್ಲ.

“ನೇಯ್ಲಿ ಬಿಡಮ್ಮ. ಅರ್ಧಕ್ಕೆ ಬಿಟ್ಟೋದ ಕೆಲ್ಸ ಐತಲ್ಲ, ಕಾಲು ಸುಮ್ನಿರ್ತಾವಾ?”

ತಮಾಷೆಗೆ ಹೇಳಿದರೋ ಏನೋ.

ಅಕ್ಟೋಬರ್ 4

ಬಂತು. ಇಂದು ನಲವತ್ತು ನಿಮಿಷ.

ಅಕ್ಟೋಬರ್ 11

ರವಿಯ ಕೈಲಿ ಬಾಗಿಲು ತೆಗೆಸಿದೆ. ಬೆಳಗಿನ ಬೆಳಕಿನಲ್ಲಿ ಮಗ್ಗ ದೊಡ್ಡ ಪ್ರಾಣಿಯೊಂದರ ಅಸ್ಥಿಪಂಜರದ ಹಾಗೆ ಕಂಡಿತು. ಮೇಲೆ ಹೊದಿಸಿದ್ದ ಹಳೆಯ ಪಂಚೆ ಸರಿಸಿದ. ಕೆಳಗೆ ದಾಳಿಂಬೆ ಬಣ್ಣದ ರೇಷ್ಮೆ, ಅರ್ಧಕ್ಕೆ ನಿಂತ ಸೀರೆ, ಅಲ್ಲಿಂದಾಚೆ ಬರೀ ನೂಲು. ನೂಲನ್ನು ಬಡಿದು ಕೂಡಿಸುವ ಹಲಗೆ ತೊಲೆಯಿಂದ ಇಳಿಬಿದ್ದು ಅಲುಗದೆ ನಿಂತಿತ್ತು. ಗುಂಡಿಯಲ್ಲಿ ಅಜ್ಜಿ ಕಾಲಿಡುತ್ತಿದ್ದ ಜಾಗ ನುಣುಪಾಗಿದೆ. ಎಲ್ಲೆಲ್ಲೂ ಧೂಳು. ಹಲಗೆಯ ತುಟಿಯ ಮೇಲೆ ಮಾತ್ರ ಧೂಳಿಲ್ಲ.

ಇಲ್ಲಿ ಯಾರು ನೇಯುತ್ತಾರೆ ಎಂದು ರವಿಯನ್ನು ಕೇಳಿದೆ. ಯಾರೂ ಇಲ್ಲ ಎಂದ. ಮತ್ತೆ ಮೆಲ್ಲಗೆ, ನಾಳೆ ಆಸ್ಪತ್ರೆಗೆ ಹೋಗಿ ಬರೋಣವಾ ಎಂದ. ನನಗೆ ಬೇಕಾದ ಉತ್ತರ ಎರಡರಲ್ಲಿ ಯಾವುದೂ ಅಲ್ಲ.

ಒಂದು ಮಾತು ಈ ಗೀಟುಗಳ ನಡುವೆ ಮಾತ್ರ ಬರೆಯಬಲ್ಲೆ. ಮಗುವಿಗಾಗಿ ಪಿಎಚ್.ಡಿ. ಬಿಟ್ಟೆ ಎಂದು ಎಲ್ಲರಿಗೂ ಹೇಳಿದೆ. ಅಪ್ಪ ಹೆಮ್ಮೆಪಟ್ಟರು, ಅತ್ತೆ ಕಣ್ಣೊರೆಸಿಕೊಂಡರು. ಅದು ಸುಳ್ಳು. ನಾಲ್ಕು ವರ್ಷ ನಾನು ಹುಡುಕಿದ್ದು ಎರ್ಲಡ್ಡು ಎಂಬ, ಅಳಿವಿನಂಚಿಗೆ ಬಂದ ದೊಡ್ಡ ಹಕ್ಕಿಯ ಕೂಗನ್ನು. ಕಾವಲು ಎನ್ನುವ ಆ ಹುಲ್ಲುಗಾವಲಿನಲ್ಲಿ ಹನ್ನೆರಡು ರೆಕಾರ್ಡರ್ ನೆಟ್ಟು, ಸಾವಿರಾರು ಗಂಟೆ ಕಿವಿಗೊಟ್ಟು ಕೇಳಿದ್ದು ಗಾಳಿ, ಕುರಿ, ಗಾಳಿ, ಲಾರಿ, ಗಾಳಿ. ಒಂದು ಹಕ್ಕಿಯ ಮೌನವನ್ನು ಅಚ್ಚುಕಟ್ಟಾಗಿ ಧ್ವನಿಮುದ್ರಿಸಿದೆ. ಲಡ್ಡು ಬಂದು ಬಾಯಿಗೆ ಬಿತ್ತೇ ಎಂದು ಹಾಸ್ಟೆಲಿನಲ್ಲಿ ಚುಡಾಯಿಸುವಾಗ ನಾನೇ ಮೊದಲು ನಗುತ್ತಿದ್ದೆ. ಸೋತಿದ್ದೆ, ಸೋತೆ ಎನ್ನಲು ನಾಚಿಕೆ. ಅಷ್ಟರಲ್ಲಿ ಹೊಟ್ಟೆಯಲ್ಲಿ ಇವಳು ಬಂದಳು, ನಾನು ಇವಳ ಹಿಂದೆ ಅಡಗಿಕೊಂಡೆ. ಇನ್ನೂ ಹುಟ್ಟದವಳನ್ನು ಗುರಾಣಿ ಮಾಡಿಕೊಂಡ ತಾಯಿ.

ಅರ್ಧಕ್ಕೆ ಬಿಟ್ಟವರಿಬ್ಬರು ಒಂದೇ ತೊಲೆಯ ಕೆಳಗಿದ್ದೇವೆ. ಒಬ್ಬರು ಸತ್ತ ಮೇಲೂ ಕೆಲಸಕ್ಕೆ ಬರುತ್ತಾರೆ. ಇನ್ನೊಬ್ಬಳು ಬದುಕಿದ್ದೂ ಬರುವುದಿಲ್ಲ.

ಅಕ್ಟೋಬರ್ 20

ಟಕ್. ಟಕ್. ಇಂದು ಎದ್ದು ಹೋಗಿ ಬಾಗಿಲಿಗೆ ಕಿವಿಯಿಟ್ಟೆ. ನಾನು ಎದ್ದ ಕೂಡಲೇ ನಿಧಾನವಾಗಿ ನಿಂತಿತು. ನನ್ನನ್ನು ಅದು ನೋಡುತ್ತಿದೆ.

ಅಕ್ಟೋಬರ್ 29

ಇಂದು ನನ್ನಿವಾಳದ ಕ್ಯಾತಪ್ಪ ಬಂದಿದ್ದ. ಕುರಿ ಕಾಯುವವನು, ನಾಲ್ಕು ವರ್ಷ ಹುಲ್ಲುಗಾವಲಿನಲ್ಲಿ ನನಗೆ ದಾರಿ ತೋರಿದವನು. ನಿಜವಾದ ಮಾರ್ಗದರ್ಶಕ ಇವನೇ, ಸಹಿ ಮಾಡುವ ಅಧಿಕಾರ ಮಾತ್ರ ಇಲ್ಲ. ಮಗುವಿಗೆ ಮಡಿಲಗಲದ ಪುಟ್ಟ ಕಂಬಳಿ ತಂದಿದ್ದ. ಸಂಸ್ಥೆಯವರು ನನ್ನ ಡಬ್ಬಿಯನ್ನೂ ಅವನ ಕೈಲಿ ಕಳಿಸಿದ್ದರು. ಅದರಲ್ಲಿ ಟಾರ್ಚು, ಟೋಪಿ, ಮುರಿದ ಪೆನ್ನುಗಳು, ಮತ್ತು ಲೆಕ್ಕ ತಪ್ಪಿ ಉಳಿದುಹೋದ ಒಂದು ರೆಕಾರ್ಡರ್.

ಅದನ್ನು ನೋಡಿದ ಕೂಡಲೇ ನನ್ನ ಮುಖ ಏನಾಯಿತೋ, ಅವನು ನಕ್ಕ.

“ನಾಕ್ ವರ್ಸ ಕೂಗದ ಹಕ್ಕಿ ಕಾದ್ರಿ ಮೇಡಮ್ಮಾರೇ. ಈಗ ಮನೇಲೇ ಕೂಗೋ ಹಕ್ಕಿ ಐತೆ, ಇದನ್ನ ಕಾಯೋಕೆ ಬ್ಯಾಸ್ರಾನಾ?”

ಗಂಡಸರಿಗೆ ಈ ಮಾತು ಎಷ್ಟು ಸಲೀಸು ಎಂದುಕೊಂಡೆ. ಅವನ ಹೆಂಡತಿ ದೊಡ್ಡಕ್ಕ ಐದು ಹೆತ್ತವಳು, ಅವಳನ್ನು ಕೇಳಬೇಕು ಈ ಪ್ರಶ್ನೆ ಎಂದೆ. ಅವಳೇ ಹೇಳಿ ಕಳಿಸಿದ್ದು ಎಂದ.

ಹೋಗುವಾಗ, ಮುಂದಿನ ತಿಂಗಳು ಕೊಂಡ್ಲಹಳ್ಳಿಗೆ ಬರ್ತೀನಿ, ವಾಪಸ್ ಕೊಡೋ ಸಾಮಾನಿದ್ದರೆ ಒಯ್ಯುತ್ತೇನೆ ಎಂದ. ರೆಕಾರ್ಡರ್ ಈಗಲೇ ಕೊಡಬಹುದಿತ್ತು. ಕೊಡಲಿಲ್ಲ. ಅದಕ್ಕೆ ನನ್ನ ಬಳಿ ಒಂದು ಕೆಲಸವಿದೆ.

ನವೆಂಬರ್ 6

ಮಧ್ಯಾಹ್ನ ರೆಕಾರ್ಡರನ್ನು ತೊಟ್ಟಿಲ ಮೇಲಿನ ಮೊಳೆಗೆ ನೇತುಹಾಕಿದೆ. ಮಗುವನ್ನು ಮಲಗಿಸಿ ಎಂದಿನಂತೆ ಗೋಡೆಗೊರಗಿ ಕಾಲು ಚಾಚಿ ಸುಮ್ಮನೆ ಕೂತೆ. ಟಕ್ ಬಂತು. ಬಾ ತಾಯಿ, ಸಿಕ್ಕಿಬಿದ್ದೆ ಎಂದುಕೊಂಡೆ. ಸಂಜೆ ಕಿವಿಯ ಹತ್ತಿ ಕಿತ್ತು ಇಯರ್‌ಫೋನ್ ಹಾಕಿಕೊಂಡು ಪುಸ್ತಕ ತೆರೆದೆ.

ಮೊದಲ ನಿಮಿಷ: ಬಟ್ಟೆಯ ಸರಬರ.
ಎರಡು: ಮಗುವಿನ ಬಿಕ್ಕಳಿಕೆ, ಏಳು.
ಮೂರು: ಹೆಂಗಸಿನ ನಗು.
ನಾಲ್ಕು: ಟಕ್ ಶುರು. ನಡುವೆ ಒಂದು ಕಿರ್ ಸದ್ದು, ತೊಟ್ಟಿಲ ಹಗ್ಗದ್ದು. ಕಿರ್, ಟಕ್. ಕಿರ್, ಟಕ್.
ಐದು:

ಐದನೆಯ ನಿಮಿಷದಲ್ಲಿ ಅವ್ವ ಹಾಡುತ್ತಿದ್ದಳು. ಅಜ್ಜಿಯಲ್ಲ. ನನ್ನ ಅವ್ವ. ಆರು ವರ್ಷದಿಂದ ಕೇಳದ ದನಿ, ಮೂಗಿನಲ್ಲಿ ಸ್ವಲ್ಪ ನಿಲ್ಲುವ, ಸಾಲಿನ ಕೊನೆಯನ್ನು ನುಂಗುವ ದನಿ. ‘ನಿದ್ರ ಪೋ ಬಂಗಾರು, ನೀಳ್ಳಕು ಪೋಯಿನ ಅವ್ವ ವಸ್ತಾದಿ.’ ಮಲಗು ಬಂಗಾರ, ನೀರಿಗೆ ಹೋದ ಅವ್ವ ಬರುತ್ತಾಳೆ. ಮತ್ತೆ ಮತ್ತೆ ಅದೇ ಸಾಲು. ನನ್ನ ಅವ್ವ ತೆಲುಗು ಆಡಿದ್ದನ್ನು ನಾನು ಕೇಳಿದ ನೆನಪೇ ಇಲ್ಲ.

ಇಯರ್‌ಫೋನ್ ಕಿತ್ತೆಸೆದು ಅಡುಗೆಮನೆಗೆ ಓಡಿದೆ. ರೆಕಾರ್ಡರನ್ನು ಅತ್ತೆಯ ಕಿವಿಗೆ ಹಿಡಿದು, ಜೋರು ಮಾಡಿ, ಯಾರಿದು ಹೇಳಿ ಎಂದೆ. ಅವರು ಸೌಟು ಕೈಯಲ್ಲೇ ಹಿಡಿದು ಕೇಳಿದರು. ನನ್ನ ಮುಖವನ್ನೇ ನೋಡಿದರು.

“ನೀನೇ ಅಲ್ವೇನಮ್ಮ. ದಿನಾ ಹಾಡ್ತೀಯಲ್ಲ.”

ಹಾಡು ಮೂವತ್ತೈದು ನಿಮಿಷವಿದೆ. ಉಳಿದದ್ದನ್ನೂ ಕೂತು ಕೇಳಿದೆ. ದನಿ ನನ್ನದೇ, ನಾನು ತೊಟ್ಟಿಲಲ್ಲಿದ್ದಾಗ ಅವ್ವ ಹಾಡಿದ್ದನ್ನು ನನ್ನ ಬಾಯಿ ಮರೆತಿಲ್ಲ. ನಡುವೆ ನಾನು ಮಗುವಿಗೆ ಎರ್ಲಡ್ಡು ಹಕ್ಕಿಯ ಕಥೆ ಹೇಳುತ್ತೇನೆ, ಅದು ಹೇಗೆ ಕೂಗುತ್ತದೆಂದು ಕೂಗಿಯೂ ತೋರಿಸುತ್ತೇನೆ. ಒಂದು ಕಡೆ, ನಿನ್ನ ಮೂಗು ಯಾರಪ್ಪನದೇ ಎಂದು ಕೇಳಿ ನಾನೇ ನಗುತ್ತೇನೆ. ಈ ಪುಸ್ತಕದಲ್ಲಿ ಆರು ವಾರದಿಂದ ‘ಸುಮ್ಮನೆ ಕೂತಿದ್ದೆ’ ಎಂದು ಬರೆದ ಹೆಂಗಸು ಇವಳೇ. ಸಾಕ್ಷಿ ಸುಳ್ಳು ಹೇಳುತ್ತಾಳೆ, ಯಂತ್ರ ಹೇಳುವುದಿಲ್ಲ.

ನವೆಂಬರ್ 7

ಕಿರ್, ಟಕ್. ಎರಡಕ್ಕೂ ನಡುವೆ ಒಂದೇ ಅಂತರ. ಕಾವಲಿನಲ್ಲಾಗಿದ್ದರೆ ಐದು ನಿಮಿಷಕ್ಕೆ ಹಿಡಿಯುತ್ತಿದ್ದೆ.

ಏಣಿ ಹಾಕಿ ಹತ್ತಿದೆ, ಬಾಣಂತಿ ಏಣಿ ಹತ್ತಬಾರದೆಂಬ ಶಾಸ್ತ್ರ ಮುರಿದು. ಹೊಗೆಗೆ ಕಪ್ಪಾದ ತೊಲೆಯ ಮಗ್ಗುಲಲ್ಲೇ ಒಂದು ಕಪ್ಪು ಹುರಿ. ಒಂದು ತುದಿ ತೊಟ್ಟಿಲ ಹಗ್ಗಕ್ಕೆ. ಇನ್ನೊಂದು, ಗೋಡೆಯ ತೂತಿನಿಂದ ಆಚೆಗೆ, ಮಗ್ಗದ ಹಲಗೆಗೆ. ತೊಟ್ಟಿಲು ತೂಗಿದಾಗೆಲ್ಲ ಹುರಿ ಹಲಗೆಯನ್ನು ಎಳೆದು ಬಿಡುತ್ತದೆ, ಟಕ್. ಕಾಲು ಚಾಚಿ ಕೂತಾಗ ಹೆಬ್ಬೆರಳಿನಿಂದ ತೊಟ್ಟಿಲು ತಳ್ಳುತ್ತಿದ್ದವಳು ನಾನೇ. ಎದ್ದು ಬಾಗಿಲಿಗೆ ಕಿವಿಯಿಟ್ಟರೆ ನಿಲ್ಲದೆ ಇನ್ನೇನು?

ರವಿ ಊಟಕ್ಕೆ ಬಂದಾಗ, ಗೊತ್ತಿತ್ತಾ ನಿಮಗೆ ಎಂದು ಕೇಳಿದೆ. ಅವನಿಗೆ ನನ್ನ ಸಿಟ್ಟೇ ಅರ್ಥವಾಗಲಿಲ್ಲ. ಹುರಿ ಇಲ್ಲದೆ ತೊಟ್ಟಿಲು ಹ್ಯಾಗೆ ಕಟ್ಟುತ್ತಾರೆ ಎಂದ. ಮನೆಗೆ ಬಾಗಿಲಿದೆ ಎಂದು ಯಾರಾದರೂ ಪ್ರತ್ಯೇಕವಾಗಿ ಹೇಳುತ್ತಾರೆಯೇ ಎಂಬ ಧಾಟಿ.

“ಯಾರು ನೇಯ್ತಾರೆ ಅಂತ ಕೇಳ್ದೆ ನೀನು. ಹಲಗೆ ಯಾಕೆ ಅಲ್ಲಾಡ್ತೈತೆ ಅಂತ ಕೇಳಿದ್ರೆ ಹೇಳ್ತಿದ್ದೆ.”

ಸಂಶೋಧನಾ ಪ್ರಶ್ನೆಯೇ ತಪ್ಪು. ಗೈಡ್ ಕೂಡ ನಾಲ್ಕು ವರ್ಷ ಇದನ್ನೇ ಹೇಳಿದ್ದರು.

ನಗಬೇಕಿತ್ತು. ಬದಲಿಗೆ ಅವನು ಶೆಡ್ಡಿಗೆ ಹೋದ ಮೇಲೆ ಕತ್ತರಿ ತೆಗೆದುಕೊಂಡು ಹುರಿಯನ್ನು ಕಚಕ್ಕನೆ ಕತ್ತರಿಸಿದೆ. ಆರು ವಾರ ಹೆದರಿದ್ದಕ್ಕೆ ಸೇಡು.

ನವೆಂಬರ್ 10

ಮೂರು ದಿನದಿಂದ ಮಧ್ಯಾಹ್ನ ಮಗು ನಿದ್ದೆ ಮಾಡಿಲ್ಲ. ತೂಗಿದರೆ ಕಣ್ಣರಳಿಸಿ ತೊಲೆಯತ್ತ ನೋಡುತ್ತಾಳೆ, ಕಾಯುತ್ತಾಳೆ, ಆಮೇಲೆ ಕಿರುಚುತ್ತಾಳೆ. ಮೂರು ಗಂಟೆಗೆ ಗೋಡೆಯ ಆಚೆ ಏನೂ ಇಲ್ಲ. ಆ ಏನೂ ಇಲ್ಲ ಎಂಬುದನ್ನು ನನಗೂ ಸಹಿಸಲಾಗುತ್ತಿಲ್ಲ. ಸದ್ದಿಗಿಂತ ಅದೇ ಹೆಚ್ಚು ಭೂತ.

ಇಂದು ಅತ್ತೆಗೆ ಹುರಿಯ ತುಂಡು ಕಂಡಿತು. ಹೊಕ್ಕುಳಬಳ್ಳಿ ತಪ್ಪಾಗಿ ಕತ್ತರಿಸಿದ ನರ್ಸ್ ಕೂಡ ಅಂಥ ನೋಟ ಎದುರಿಸಿರಲಿಕ್ಕಿಲ್ಲ. ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು. ಅದು ಹಗ್ಗವಲ್ಲ, ಸೀರೆ ಮುಗಿದಾಗ ಮಗ್ಗದಲ್ಲಿ ಉಳಿಯುವ ರೇಷ್ಮೆ ನೂಲಿನ ತುದಿಗಳನ್ನು ಅಜ್ಜಿಯೇ ಹೊಸೆದದ್ದು. ಒಂದು ಕೂಸು ಮಲಗಿದರೆ ಒಂದು ಮೊಳ ನೇಯ್ಗೆ ಎಂಬ ಕಾಲ. ನೇಯುವಾಗ ಹಲಗೆ ಎಳೆದರೆ ಆಚೆ ತೊಟ್ಟಿಲು ತೂಗಬೇಕು, ಅದಕ್ಕೇ ಈ ಹುರಿ. ಐದು ಮಕ್ಕಳನ್ನು ಅಜ್ಜಿ ಹಾಗೆಯೇ ಬೆಳೆಸಿದ್ದು. ಮಗ್ಗ ತೊಟ್ಟಿಲನ್ನು ತೂಗುತ್ತಿತ್ತು. ನನ್ನ ಕಾಲದಲ್ಲಿ ತೊಟ್ಟಿಲು ಮಗ್ಗವನ್ನು ತೂಗಿದೆ.

ಅಜ್ಜಿಗೆ ಬೇಸರವಾಗುತ್ತಿರಲಿಲ್ಲವೇ, ಯಾವುದಾದರೂ ಒಂದನ್ನೇ ಮಾಡೋಣ ಅನಿಸುತ್ತಿರಲಿಲ್ಲವೇ ಎಂದು ಕೇಳಿದೆ. ಅತ್ತೆ ಹುರಿಯ ತುಂಡನ್ನು ಬೆರಳಿಗೆ ಸುತ್ತಿಕೊಂಡರು.

“ಅನ್ಸಿರ್ತೈತೆ. ಒಂದ್ಸಲ ಮಗ್ಗ ಬಿಟ್ಟು ಎರಡು ವರ್ಸ ಕೂತಿದ್ರು. ಕೇಳ್ದೋರ್ಗೆಲ್ಲ ‘ಕೂಸಿಗೋಸ್ಕರ ಅಲ್ಲ, ನನಗೇ ಬ್ಯಾಡಾಗೈತೆ’ ಅಂದ್ರಂತೆ. ಕೂಸಿನ್ ಮ್ಯಾಲೆ ಹಾಕ್ಲಿಲ್ಲ.”

ನಾನು ತಲೆ ತಗ್ಗಿಸಿದೆ. ಅತ್ತೆ ಒಲೆಯ ಬೂದಿ ತಂದು, ಬೆರಳಿಗೆ ಹಚ್ಚಿ, ಎರಡು ತುದಿ ಜೋಡಿಸಿ ಹೊಸೆದು ತೋರಿಸಿದರು. ಹಳೆಯ ನೂಲಿಗೆ ಹೊಸ ನೂಲು ಸೇರಿಸುವ ಈ ಕೆಲಸಕ್ಕೆ ಕೆಚ್ಚುವುದು ಎನ್ನುತ್ತಾರೆ. ಕೆಚ್ಚು ಬೇಕು ಕೆಚ್ಚಲು ಎಂದೆ. ಅವರು ನಗಲಿಲ್ಲ, ನನ್ನ ಶ್ಲೇಷೆಗಳಿಗೆ ಈ ಮನೆಯಲ್ಲಿ ಗಿರಾಕಿಯಿಲ್ಲ. ನಾಲ್ಕು ಸಲ ಬಿಚ್ಚಿಕೊಂಡಿತು. ಐದನೆಯದು ನಿಂತಿತು. ಏಣಿ ಹತ್ತಿ ಕಟ್ಟಿದ್ದು ನಾನೇ.

3.15. ಕಿರ್, ಟಕ್. ಚೌಡಿ ಹತ್ತೇ ನಿಮಿಷಕ್ಕೆ ಮಲಗಿದಳು, ಬಾಯಿ ತೆರೆದುಕೊಂಡು.

ನವೆಂಬರ್ 18

ಚೌಡಿ ಇಂದು ನನ್ನನ್ನು ನೋಡಿ ‘ಊಂ’ ಎಂದಳು, ನಾನು ‘ಊಂ’ ಎಂದೆ, ಅವಳು ಮತ್ತೆ ‘ಊಂ’. ಹನ್ನೊಂದು ಸಲ. ಕಾವಲಿನಲ್ಲಿ ಒಂದೇ ಒಂದು ಸಲ ಇಂಥ ಉತ್ತರ ಬಂದಿದ್ದರೆ ಹುಚ್ಚಿಯ ಹಾಗೆ ಕುಣಿಯುತ್ತಿದ್ದೆ. ಇಂದೂ ಕುಣಿದೆ, ಹೊಲಿಗೆ ಅನುಮತಿಸಿದಷ್ಟು. ಬೇರೇನೂ ವಿಶೇಷವಿಲ್ಲ.

ನವೆಂಬರ್ 29

ಪತ್ರ ಹುಡುಕಿದೆ. ಡೈಪರ್ ಪೊಟ್ಟಣ ಮುಗಿದು ಇನ್ನೊಂದು ಬಂದು ಅದೂ ಮುಗಿದಿತ್ತು. ಚೌಡಿ ಮಲಗಿದ ಮೇಲೆ, ಕಾಲಿನ ಹೆಬ್ಬೆರಳು ತೊಟ್ಟಿಲ ಕೆಳಗಿನ ಬಟ್ಟೆಯ ಕುಣಿಕೆಯಲ್ಲಿ, ಕೈ ಫೋನಿನಲ್ಲಿ, ಕೃಷ್ಣಮೂರ್ತಿ ಸರ್‌ಗೆ ಬರೆದೆ.

‘ನಾನು ಹಿಂದಿರುಗುವುದಿಲ್ಲ. ವೈಯಕ್ತಿಕ ಕಾರಣ ಎಂದು ಹಿಂದೆ ಬರೆದಿದ್ದೆ, ನೀವು ಮಗು ಎಂದುಕೊಂಡಿದ್ದೀರಿ. ಮಗು ಕಾರಣವಲ್ಲ. ನನಗೇ ಬೇಡವಾಗಿತ್ತು, ಹೇಳುವ ಧೈರ್ಯವಿರಲಿಲ್ಲ. ನಾಲ್ಕು ವರ್ಷದ ಧ್ವನಿಗಳೆಲ್ಲ ನಿಮ್ಮಲ್ಲೇ ಇವೆ. ಹಕ್ಕಿ ಕೂಗಲಿಲ್ಲ ಎಂಬುದೂ ಒಂದು ಫಲಿತಾಂಶ. ಮುಂದೆ ಬರುವವರು ಬಳಸಲಿ. ಉಳಿದಿದ್ದ ರೆಕಾರ್ಡರನ್ನು ಕ್ಯಾತಪ್ಪನ ಕೈಲಿ ಕಳಿಸುತ್ತಿದ್ದೇನೆ. ನವೆಂಬರ್ ಆರರ ಧ್ವನಿಯನ್ನು ಮಾತ್ರ ಅದರಿಂದ ತೆಗೆದುಕೊಂಡಿದ್ದೇನೆ, ಅದು ಸಂಸ್ಥೆಯದ್ದಲ್ಲ.’

ಎರಡು ಸಲ ಓದಿದೆ. ಒಂದೂ ತಮಾಷೆ ಇಲ್ಲ. ಕಳಿಸಿದೆ. ಅಳು ಬರುತ್ತದೆಂದು ಕಾದೆ. ಹಸಿವಾಯಿತು.

ನವೆಂಬರ್ 30

ಬೆಳಿಗ್ಗೆ ಕ್ಯಾತಪ್ಪ ಬಂದು ರೆಕಾರ್ಡರ್ ಒಯ್ದ. ಹಾಗಾಗಿ ಇಂದಿನದಕ್ಕೆ ನನ್ನ ಮಾತು ಬಿಟ್ಟರೆ ಸಾಕ್ಷಿಯಿಲ್ಲ, ಮತ್ತು ಈ ಸಾಕ್ಷಿಯ ಯೋಗ್ಯತೆ ಏನೆಂದು ಹಿಂದೆಯೇ ಬರೆದಿದ್ದೇನೆ.

ಮಧ್ಯಾಹ್ನ ಅತ್ತೆ ಪಕ್ಕದ ಮನೆಗೆ ಹೋಗಿದ್ದರು, ರವಿ ಶೆಡ್ಡಿನಲ್ಲಿದ್ದ. ಚೌಡಿಯನ್ನು ತೂಗುತ್ತ ತೂಗುತ್ತ ನನಗೇ ಜೋಂಪು ಹತ್ತಿತು. ಎಷ್ಟು ಹೊತ್ತೋ. ಎಚ್ಚರವಾದಾಗ ನಾನು ಚಾಪೆಯ ಮೇಲೆ ಗೋಡೆಯತ್ತ ಮುಖ ಮಾಡಿ ಮುದುರಿ ಮಲಗಿದ್ದೆ. ಕಾಲು ಕುಣಿಕೆಯಿಂದ ಕಳಚಿ, ತೊಟ್ಟಿಲಿನಿಂದ ಒಂದು ಮಾರು ದೂರವಿತ್ತು. ಯಾರೂ ನನ್ನ ಮೇಲೆ ಏನೂ ಹೊದಿಸಿರಲಿಲ್ಲ, ಮನೆಯಲ್ಲಿ ಯಾರೂ ಇರಲಿಲ್ಲ.

ತೊಟ್ಟಿಲು ತೂಗುತ್ತಿತ್ತು. ನಿಲ್ಲುವ ಮುಂಚಿನ ತೂಗಾಟವಲ್ಲ. ಉದ್ದಕ್ಕೆ, ಸಮನಾಗಿ, ಕೆಲಸ ಗೊತ್ತಿರುವವರ ಕೈಯ ತೂಗಾಟ. ಮತ್ತು ಸದ್ದಿನ ಕ್ರಮ ಬದಲಾಗಿತ್ತು. ಕಿರ್, ಟಕ್ ಅಲ್ಲ. ಟಕ್ ಮೊದಲು, ಕಿರ್ ಆಮೇಲೆ, ಅಜ್ಜಿ ನೇಯುತ್ತಿದ್ದ ಕಾಲದ ಕ್ರಮ.

ಸಮಯ: 3.40. ಸದ್ದು: ಟಕ್, ಕಿರ್. ದೂರ: ಒಂದು ಗೋಡೆ.

ಕಾರಣದ ಕಾಲಂನಲ್ಲಿ ಗಾಳಿ ಎಂದು ಬರೆಯಬಹುದು. ನಾಲ್ಕು ವರ್ಷ ಬರೆದು ಅಭ್ಯಾಸವಿದೆ. ಖಾಲಿ ಬಿಟ್ಟಿದ್ದೇನೆ. ಎದ್ದು ಬಾಗಿಲಿಗೆ ಕಿವಿಯಿಡಲೂ ಇಲ್ಲ. ನೀರಿಗೆ ಹೋದವರು ತಿರುಗಿ ಬಂದರೆ, ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಬಾರದು. ಮಗ್ಗುಲು ಬದಲಿಸಿ, ತೊಟ್ಟಿಲ ಕಡೆ ಮುಖ ಮಾಡಿ, ಇನ್ನಷ್ಟು ಹೊತ್ತು ಮಲಗಿದೆ.